ಮೂರನೆಯ ತುಳಿತ

ಸುರಪುರ
16 ಜೂನ್ 2024

ತಂಗಿ ಗೊಲ್ಲಾಳಮ್ಮಳಿಗೆ ಅಣ್ಣ ನಾಗಣ್ಣ ಬರೆಯುವುದು.

ಕ್ಷೇಮ ಎಂದು ಬರೆಯಲು ಕೂತೆ ಅಂದರೆ ಮೊದಲ ಸಾಲೇ ಸುಳ್ಳಾಗುತ್ತದೆ. ನಿಂತು ಬರೆಯುತ್ತಿದ್ದೇನೆ, ಜೋಳದ ಡಬ್ಬದ ಮೇಲೆ ಕಾಗದ ಇಟ್ಟುಕೊಂಡು. ಕೂತರೆ ಹತ್ತು ನಿಮಿಷಕ್ಕೆ ಟೊಂಕದಿಂದ ಎಡಗಾಲಿನ ತುದಿಯವರೆಗೆ ಕಾದ ತಂತಿ ಎಳೆದಂತಾಗುತ್ತದೆ. ಮಲಗಿದರೆ ಮಗ್ಗುಲು ಬದಲಿಸುವುದೇ ಒಂದು ದೊಡ್ಡ ಕೆಲಸ. ಇಪ್ಪತ್ತಾರು ವರ್ಷ ಬಸ್ಸಿನ ಸೀಟಿನಲ್ಲಿ ಕೂತು ಹೊಟ್ಟೆ ಹೊರೆದವನು ನಾನು. ಈಗ ಕೂಡುವುದೊಂದು ಬಿಟ್ಟು ಬೇರೆ ಏನು ಹೇಳಿದರೂ ಮಾಡುತ್ತೇನೆ ಅನ್ನುವ ಹಾಗಾಗಿದೆ.

ಮನೆಯಾಕೆ, ನಿನ್ನ ವೈನಿ ರೇಣುಕಾದೇವಿ, ಬಿಡಲಿಲ್ಲ. ಹೋದ ವಾರ ಸೊಲ್ಲಾಪುರದ ದವಾಖಾನೆಗೆ ಎಳೆದುಕೊಂಡು ಹೋಗಿ ಎಂ.ಆರ್.ಐ. ಮಾಡಿಸಿದಳು. ಡಾಕ್ಟರು ಆ ಕರಿ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಬೆನ್ನಿನ ಎರಡು ಮಣಿಗಳ ನಡುವಿನ ಮೆತ್ತೆ ಹೊರಗೆ ಜಾರಿ, ಕಾಲಿಗೆ ಹೋಗುವ ನರವನ್ನು ಒತ್ತಿ ಹಿಡಿದಿದೆಯಂತೆ. "ಆಪರೇಶನ್ ಮಾಡಬೇಕಾಗ್ತದ್ರಿ. ಅವಸರೇನಿಲ್ಲ, ವಿಚಾರ ಮಾಡಿ ಬರ್ರಿ" ಅಂದರು. ಮೇ ತಿಂಗಳಲ್ಲಿ ಬಸ್ಸಿನ ಸ್ಟೆಪ್ನಿ ಟೈರು ಎತ್ತುವಾಗ ಒಂದು ಚಳಕು ಬಂದಿತ್ತು, ಎಲ್ಲ ಅದರದ್ದೇ ಕರಾಮತ್ತು.

ನನಗೆ ಆಪರೇಶನ್ ಬೇಡ. ಬೆನ್ನು ಕೊಯ್ಸಿಕೊಂಡ ಡ್ರೈವರನ ಕೈಗೆ ಮತ್ತೆ ಸ್ಟೇರಿಂಗ್ ಯಾರು ಕೊಡುತ್ತಾರೆ? ಡಿಪೋದ ಗೇಟಿನಲ್ಲಿ ನಿಂತು ಬಸ್ಸಿನ ನಂಬರು ಬರೆಯುವ ಕೆಲಸ ಕೊಡುತ್ತಾರೆ. ಅದನ್ನು ಮಾಡಲಿಕ್ಕೆ ನಾನು ಹುಟ್ಟಿಲ್ಲ.

ಅದಕ್ಕೆ ಬರೆಯುತ್ತಿದ್ದೇನೆ. ಅವ್ವನ ಹೊಟ್ಟೆಯಿಂದ ನೀನು ಕಾಲು ಮುಂದಾಗಿ ಬಂದವಳು. ಅಂಥವರು ಹಿಮ್ಮಡಿಯಿಂದ ಮೂರು ಸಲ ತುಳಿದರೆ ಹಿಡಿದ ಟೊಂಕ ಬಿಡುತ್ತದೆ ಅಂತ ಸುತ್ತ ಏಳು ಊರಿನವರು ನಿನ್ನ ಹೊಸ್ತಿಲಿಗೆ ಬರುತ್ತಾರೆ, ನಾನು ಒಡಹುಟ್ಟಿದವನು ಬರಬಾರದೇನು? ಮೂರು ವರ್ಷದ ಹಿಂದೆ ನೀನು ತುಳಿದಾಗ ಎಂಟು ತಿಂಗಳು ಆರಾಮಿದ್ದೆ. ಈ ಸಲ ಯುಗಾದಿಯ ಮುಂಚಿನ ಅಮಾವಾಸ್ಯೆಗೆ ತುಳಿದಾಗಲೂ ಎಷ್ಟು ಹಗುರಾಗಿತ್ತು. ಮಣ್ಣೆತ್ತಿನ ಅಮಾವಾಸ್ಯೆಗೆ ಹತ್ತಿಕುಣಿಗೆ ಬರುತ್ತೇನೆ. ಕೂತು ಬರಲಾಗದು, ನಮ್ಮ ಡಿಪೋದ ಆಸೀಫನ ಬಸ್ಸಿನ ಹಿಂದಿನ ಸೀಟಿನಲ್ಲಿ ಮೂಟೆಯ ಹಾಗೆ ಅಡ್ಡಡ್ಡ ಬರುತ್ತೇನೆ.

ಫೋನಿನಲ್ಲಿ ಟೈಪ್ ಮಾಡಿ ಕಳಿಸಿರಿ ಅಂತ ನಿನ್ನ ವೈನಿ ಅನ್ನುತ್ತಾಳೆ. ಟಿ.ಬಿ. ಇಂಜೆಕ್ಷನ್ನು ನಿನ್ನ ಕಿವಿ ತಿಂದು ಹನ್ನೊಂದು ವರ್ಷವಾಯಿತು, ಅಂದಿನಿಂದ ನಾವು ಕಾಗದದಲ್ಲೇ ಮಾತಾಡಿದವರು. ಈಗ ಯಾಕೆ ಬದಲಿಸಬೇಕು. ಕಾಗದ ಆಸೀಫನ ಕೈಯಲ್ಲಿ ಯಾದಗಿರಿಗೆ ಬರುತ್ತದೆ.

ನಿನ್ನ ಅಣ್ಣ
ನಾಗಣ್ಣ


ಹತ್ತಿಕುಣಿ
24 ಜೂನ್ 2024

ಅಣ್ಣನಿಗೆ ಗೊಲ್ಲಾಳಿಯ ನಮಸ್ಕಾರ.

ನಮ್ಮ ಮನೆಯವರು ಯಾದಗಿರಿಯಲ್ಲಿ ಮೀನು ಮಾರಿ ಬರುವಾಗ ನಿನ್ನ ಕಾಗದ ತಂದರು. ಖಾಲಿ ಬುಟ್ಟಿಯಲ್ಲಿ ಇಟ್ಟುಕೊಂಡು ಬಂದಿದ್ದರು, ಅರ್ಧ ಅಕ್ಷರ ಒದ್ದೆಯಾಗಿದ್ದವು. ಓದಿಕೊಂಡೆ.

ನೀನು ಬರಬೇಡ. ಸಿಟ್ಟು ಮಾಡಬೇಡ, ಪೂರ್ತಿ ಓದು. ಒಡಹುಟ್ಟಿದವರಿಗೆ ಒಂದೇ ವರ್ಷದಲ್ಲಿ ಎರಡು ಸಲ ತುಳಿಯಬಾರದಂತೆ, ತುಳಿದರೆ ಕಾಲಿನ ಗುಣ ಹೋಗುತ್ತದಂತೆ. ಓಣಿಯ ಇಮಾಮಬೀ ಆಯಿ ಹೇಳಿದಳು, ಆಕೆ ಹಳೆಯ ಕಾಲದವಳು. ನನಗೂ ಮೊದಲು ಗೊತ್ತಿರಲಿಲ್ಲ. ಬೇರೆಯವರಿಗೆ ತುಳಿಯುವುದು ನಡೆದೇ ಇದೆ. ಹೋದ ಗುರುವಾರ ಬಳಿಚಕ್ರದಿಂದ ಒಂದು ಟಂಟಂ ಗಾಡಿ ತುಂಬ ಜನ ಬಂದಿದ್ದರು. ಅಂಗಳದಲ್ಲಿ ನಿಲ್ಲಲಿಕ್ಕೆ ಜಾಗ ಇರಲಿಲ್ಲ. ಎಲ್ಲರಿಗೂ ತುಳಿದು ತುಳಿದು ನನ್ನ ಮೊಣಕಾಲೇ ಹಿಡಿದುಕೊಂಡಿತು.

ಸ್ಟೆಪ್ನಿ ಎತ್ತುವಾಗ ಆದದ್ದು ಅಂತ ಬರೆದಿದ್ದೀಯ. ಖರೆ ಏನು? ಮೇ ತಿಂಗಳ ಯಾವ ದಿನ? ಅದಕ್ಕೂ ಮೊದಲು ಕಾಲಿಗೆ ಏನೂ ಇರಲಿಲ್ಲ ತಾನೆ? ಯುಗಾದಿಯ ದಿನ ಸರಿಯಾಗಿ ನಡೆಯುತ್ತಿದ್ದೆಯಾ? ಇವನ್ನೆಲ್ಲ ತಪ್ಪದೆ ಬರೆ. ಬೇರೆ ಏನು ಬರೆಯದಿದ್ದರೂ ನಡೆದೀತು.

ಡಾಕ್ಟರು ಹೇಳಿದರೆ ಆಪರೇಶನ್ ಮಾಡಿಸಿಕೋ. ನನ್ನ ಕಾಲಿಗಿಂತ ಅವರ ಕಣ್ಣು ಹೆಚ್ಚು ಕಂಡಿರುತ್ತದೆ. ಸ್ಟೇರಿಂಗು ಹೋದರೆ ಹೋಗಲಿ, ಅದೇನು ನಿನ್ನ ಹಿಂದೆ ಮುಂದೆ ಹುಟ್ಟಿದ್ದೇ? ವೈನಿಯ ಮಾತು ಕೇಳು. ನೀನು ಹುಟ್ಟಾ ಹಟಮಾರಿ, ಅದು ನನಗಿಂತ ಯಾರಿಗೆ ಚೆನ್ನಾಗಿ ಗೊತ್ತು.

ಇಲ್ಲಿ ಕೆರೆಗೆ ಹೊಸ ನೀರು ಬಂದಿಲ್ಲ. ಮೀನು ಸಣ್ಣವು ಬೀಳುತ್ತಿವೆ.

ನಿನ್ನ ತಂಗಿ
ಗೊಲ್ಲಾಳಿ


ಸುರಪುರ
11 ಜುಲೈ 2024

ತಂಗಿ ಗೊಲ್ಲಾಳಮ್ಮಳಿಗೆ,

ಅಮಾವಾಸ್ಯೆ ಹೋಯಿತು. ನೀನು ಬೇಡ ಅಂದೆ, ನಾನು ಬರಲಿಲ್ಲ. ಇಮಾಮಬೀ ಆಯಿ ಯಾವಾಗಿನಿಂದ ನಮ್ಮ ಮನೆಯ ಕಾಲಿಗೆ ಕಾನೂನು ಮಾಡಲಿಕ್ಕೆ ಹತ್ತಿದಳು? ಬಳಿಚಕ್ರದವರಿಗೆ ಟಂಟಂ ಲೆಕ್ಕದಲ್ಲಿ ತುಳಿಯುವವಳಿಗೆ ಅಣ್ಣನ ಟೊಂಕ ಒಂದು ಹೆಚ್ಚಾಯಿತು. ಇರಲಿ. ನಿನ್ನ ಗಂಡ ಬಸಲಿಂಗನ ಕಡೆಯವರು ಏನಾದರೂ ಅಂದಿದ್ದಾರೋ ಏನೋ, ನಾನು ಕೇಳುವುದಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ. ಮೇ 12, ರವಿವಾರ, ಮಧ್ಯಾಹ್ನ ಎರಡೂಕಾಲು. ದೋರನಹಳ್ಳಿ ದಾಟಿ ಒಂದು ಬೇವಿನ ಮರದ ಹತ್ತಿರ ಬಸ್ಸು ಪಂಕ್ಚರ್ ಆಯಿತು. ಸ್ಟೆಪ್ನಿ ಎತ್ತಿದೆ, ಚಳಕು ಬಂತು. ಅದಕ್ಕೂ ಮೊದಲು ಕಾಲು ಕಲ್ಲಿನ ಹಾಗೆ ಗಟ್ಟಿ ಇತ್ತು. ಸಾಕಾ?

ಡ್ಯೂಟಿ ನಡೆದಿದೆ. ಸಾಹೇಬರು ಒಳ್ಳೆಯವರು, ದೂರದ ರೂಟು ತಪ್ಪಿಸಿ ಸುರಪುರದಿಂದ ಭೀಮರಾಯನಗುಡಿಯವರೆಗಿನ ಗಾಡಿ ಕೊಟ್ಟಿದ್ದಾರೆ. ಟೊಂಕಕ್ಕೆ ಪಟ್ಟಿ ಕಟ್ಟಿಕೊಂಡು ಓಡಿಸುತ್ತೇನೆ. ನೋವು ಇದೆ, ಇರುತ್ತದೆ. ಬೆಳಿಗ್ಗೆ ಎದ್ದಾಗ ನನಗಿಂತ ಮೊದಲು ಅದು ಎದ್ದಿರುತ್ತದೆ. ಅದರ ಜೊತೆ ಜಗಳ ಮಾಡಿ ಸಾಕಾಗಿ, ಈಗ ಮನೆಯಲ್ಲಿ ಇನ್ನೊಬ್ಬರಿದ್ದಾರೆ ಅಂತ ತಿಳಿದುಕೊಂಡು ಬದುಕುತ್ತಿದ್ದೇನೆ.

ನಮ್ಮ ಕಂಡಕ್ಟರ್ ಲಕ್ಷ್ಮಿಕಾಂತನ ಸೋದರಮಾವ ಬೆನ್ನಿನ ಆಪರೇಶನ್ ಮಾಡಿಸಿಕೊಂಡು ಎರಡು ವರ್ಷದಿಂದ ಹಾಸಿಗೆಯಲ್ಲಿದ್ದಾನಂತೆ. ಇದನ್ನು ಕೇಳಿದ ಮೇಲೆ ಸೊಲ್ಲಾಪುರದ ಹೆಸರು ಎತ್ತಿದರೆ ನಾನು ಎದ್ದು ಹೊರಗೆ ಹೋಗುತ್ತೇನೆ. ನಿನ್ನ ವೈನಿ ಫಿಲ್ಮಿನ ಕವರನ್ನು ದೇವರ ಮುಂದೆ ಇಟ್ಟಿದ್ದಾಳೆ. ನಾನು ಸ್ನಾನ ಮಾಡಿ ಬಂದು ಅದಕ್ಕೂ ಕೈ ಮುಗಿಯುತ್ತೇನೆ, ಆಕೆ ನಗುವುದಿಲ್ಲ.

ಇನ್ನೊಂದು ತಮಾಷೆ. ಈ ತಿಂಗಳಲ್ಲಿ ಮೂರನೆಯ ಸಲ ಎಡಗಾಲಿನ ಚಪ್ಪಲಿ ಕಳೆದುಕೊಂಡೆ. ಸುರಪುರದ ನಾಯಿಗಳು ಎಡಗಾಲಿನದನ್ನೇ ಒಯ್ಯುತ್ತವೆ ಅಂತ ಕಾಣುತ್ತದೆ.

ನಿನ್ನ ಅಂಗಳ ತುಂಬಿತ್ತು ಎಂದು ಓದಿ ಸಮಾಧಾನವಾಯಿತು, ಅದನ್ನು ಮಾತ್ರ ಮುಚ್ಚಿಡುವುದಿಲ್ಲ. ಕಿವಿ ಹೋದ ಮೇಲೆ ಎರಡು ವರ್ಷ ನಿನ್ನ ಬಾಗಿಲಿಗೆ ಯಾರೂ ಬರಲಿಲ್ಲ. ಕೂಗಿ ಕೂಗಿ ಯಾರು ಮಾತಾಡುತ್ತಾರೆ ಅಂತ ಎಲ್ಲರೂ ದೂರವಾದರು. ಮತ್ತೆ ಕರೆತಂದದ್ದು ಆ ಕಾಲು. ಅದನ್ನು ಕಾಪಾಡಿಕೋ.

ನಾಗಣ್ಣ


ಹತ್ತಿಕುಣಿ
8 ಆಗಸ್ಟ್ 2024

ಅಣ್ಣ,

ನೀನು ಸುಳ್ಳ.

ನಮ್ಮ ಮನೆಯವರಿಗೆ ಜ್ವರ ಬಂದಿತ್ತು. ನಿನ್ನೆ ಮೀನಿನ ಬುಟ್ಟಿ ನಾನೇ ಹೊತ್ತುಕೊಂಡು ಯಾದಗಿರಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಆಸೀಫ್ ಸಿಕ್ಕ. "ಅಣ್ಣ ಹ್ಯಾಂಗದಾನಪ್ಪಾ?" ಅಂದೆ. ಅವನು ಮುಖ ಆಚೆ ತಿರುಗಿಸಿ ಏನೋ ಹೇಳಿದ. ಬಾಯಿ ಕಾಣದಿದ್ದರೆ ನನಗೆ ಏನು ತಿಳಿಯಬೇಕು? ಅವನ ಜೇಬಿನ ಪೆನ್ನು ತೆಗೆದು ಕೈಗೆ ಕೊಟ್ಟೆ. ಅವನು ಒಂದು ಚೀಟಿಯಲ್ಲಿ ಬರೆದುಕೊಟ್ಟ. ಅದನ್ನು ಹಾಗೇ ಇಲ್ಲಿ ಇಳಿಸುತ್ತೇನೆ.

"ನಾಗಣ್ಣ ಡ್ಯೂಟಿ ಬಿಟ್ಟು ಎರಡು ತಿಂಗಳಾತ್ರಿ ಅಕ್ಕಾ. ಶಹಾಪುರ ಸ್ಟ್ಯಾಂಡಿನ್ಯಾಗ ಕ್ಲಚ್ ಮ್ಯಾಲ ಕಾಲು ಅದನೋ ಇಲ್ಲೋ ತಿಳೀಲಿಲ್ಲಂತ. ಮಂದಿ ತುಂಬಿದ ಬಸ್ಸು. ನಿಲ್ಲಿಸಿ, ಇಳದು, ಮತ್ತ ಹತ್ತಲಿಲ್ಲ. ನಿಮಗ ಹೇಳಬ್ಯಾಡ ಅಂದಾನ."

ಎರಡು ತಿಂಗಳು. ಹಾಗಾದರೆ ಭೀಮರಾಯನಗುಡಿಯ ಗಾಡಿ ಯಾವುದು? ಎಡಗಾಲಿನ ಚಪ್ಪಲಿಯನ್ನೇ ಒಯ್ಯುವ ನಾಯಿ ಯಾವುದು? ಚಪ್ಪಲಿ ಕಳಚಿ ಬಿದ್ದದ್ದು ನಿನ್ನ ಕಾಲಿಗೆ ತಿಳಿಯುತ್ತಿಲ್ಲ. ಬರಿಗಾಲಲ್ಲಿ ಮನೆಗೆ ಬಂದ ಮೇಲೆ ನೋಡಿಕೊಳ್ಳುತ್ತೀಯ. ಅದನ್ನು ತಮಾಷೆ ಅಂತ ನನಗೆ ಬರೆಯುತ್ತೀಯ.

ಡಾಕ್ಟರು ನಿಜವಾಗಿ ಏನು ಹೇಳಿದ್ದಾರೆ? ನೀನು ಯಾಕೆ ಹೋಗುತ್ತಿಲ್ಲ? ಲಕ್ಷ್ಮಿಕಾಂತನ ಸೋದರಮಾವನನ್ನು ಮುಂದೆ ಮಾಡಬೇಡ. ನೀನು ಕತ್ತಿಗೆ ಹೆದರುವ ಆಳಲ್ಲ. ಬೇರೆ ಏನೋ ಇದೆ. ನಾಳೆಯೇ ಬರೆ.

ಗೊಲ್ಲಾಳಿ


ಹತ್ತಿಕುಣಿ
2 ಸೆಪ್ಟೆಂಬರ್ 2024

ಅಣ್ಣ,

ಇಪ್ಪತ್ತೈದು ದಿನವಾಯಿತು, ನಿನ್ನ ಕಾಗದ ಇಲ್ಲ. ನಮ್ಮ ಮನೆಯವರು ದಿನಾ ಬರಿಗೈಯಲ್ಲಿ ಬಂದು ಅಂಗೈ ತೋರಿಸುತ್ತಾರೆ. ನಿನಗೆ ಸುಳ್ಳ ಎಂದು ಬರೆದವಳು ನಾನೂ ಅದೇ ಜಾತಿಯವಳು. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಬಳಿಚಕ್ರದ ಟಂಟಂ ಬರಲಿಲ್ಲ. ಅಂಗಳ ತುಂಬಲಿಲ್ಲ. ಯುಗಾದಿಯ ಮುಂಚಿನ ಆ ಅಮಾವಾಸ್ಯೆಯ ನಂತರ ನಾನು ಯಾರ ಬೆನ್ನಿಗೂ ಕಾಲು ಮುಟ್ಟಿಸಿಲ್ಲ. ಬಂದವರಿಗೆ ಆಗುವುದಿಲ್ಲ ಎಂದು ಕೈ ಮಾಡಿ ಕಳಿಸಿದೆ. ಒಂದು ತಿಂಗಳು ಬಂದರು, ಆಮೇಲೆ ನಿಂತರು. ಇಮಾಮಬೀ ಆಯಿ ಏನೂ ಹೇಳಿಲ್ಲ, ಆಕೆಗೆ ಈ ಸುದ್ದಿಯೇ ಗೊತ್ತಿಲ್ಲ. ಆ ಕಾನೂನು ನಾನೇ ಕಟ್ಟಿದ್ದು.

ಆ ದಿನದ್ದು ಹೇಳುತ್ತೇನೆ. ಹಿಮ್ಮಡಿ ಮುಟ್ಟಿಸುವುದಷ್ಟೇ ಪದ್ಧತಿ, ಭಾರ ಹಾಕಬಾರದು. ನೀನು ಬೋರಲು ಮಲಗುವ ಮೊದಲು ಮುಷ್ಟಿ ಬಿಗಿದು ತೋರಿಸಿದೆ, ಗಟ್ಟಿ ತುಳಿ ಎಂದು. ಅಣ್ಣನಲ್ಲವೇ, ಪೂರ್ತಿ ಗುಣವಾಗಲಿ ಎಂದು ನಾನೂ ಭಾರ ಬಿಟ್ಟೆ. ಮೂರನೆಯ ಸಲ ತುಳಿದಾಗ ಒಳಗೆ ಏನೋ ಸರಿದದ್ದು ನನ್ನ ಹಿಮ್ಮಡಿಗೆ ತಿಳಿಯಿತು. ಕಿವಿ ಇಲ್ಲದವಳಿಗೆ ಕಾಲೇ ಕಿವಿ, ಅದು ತಪ್ಪು ಹೇಳುವುದಿಲ್ಲ.

ತುಳಿದವಳು ತಿರುಗಿ ನೋಡಬಾರದು ಅಂತ ಅವ್ವ ಹೇಳಿಕೊಟ್ಟಿದ್ದಳು. ನಾನು ಬಚ್ಚಲ ಬಾಗಿಲಲ್ಲಿ ನಿಂತು ತಿರುಗಿ ನೋಡಿದೆ. ನೀನು ಚೌಕಟ್ಟು ಹಿಡಿದು ಏಳುತ್ತಿದ್ದೆ. ನಮ್ಮ ಮನೆಯವರು ನಿನ್ನ ರಟ್ಟೆ ಹಿಡಿದಿದ್ದರು. ನಿನ್ನ ಎಡಗಾಲು ನೆಲದ ಮೇಲೆ ಎಳೆಯುತ್ತಿತ್ತು. ನನ್ನನ್ನು ನೋಡಿದ ಕೂಡಲೇ ನಕ್ಕು "ಹಗುರಾತು" ಅಂದೆ. ನಿನ್ನ ಬಾಯಿ ಓದಿದೆ, ನಿನ್ನ ಕಾಲನ್ನೂ ಓದಿದೆ. ತುಳಿದದ್ದಕ್ಕೆ ಹೀಗಾಯಿತೋ, ತಿರುಗಿ ನೋಡಿದ್ದಕ್ಕೆ ಹೀಗಾಯಿತೋ ಎಂದು ಐದು ತಿಂಗಳಿಂದ ತಲೆ ಕೆಟ್ಟಿದೆ.

ನೀನು ಸ್ಟೆಪ್ನಿ ಎಂದು ಬರೆದೆಯಲ್ಲ, ಆ ಮಾತನ್ನು ನಾನು ಎರಡೂ ಕೈಯಿಂದ ಹಿಡಿದುಕೊಂಡೆ. ಸುಳ್ಳು ಅಂತ ಗೊತ್ತಿತ್ತು. ಪಂಕ್ಚರ್ ಆದ ಹೊತ್ತನ್ನು, ಮರವನ್ನು ಅಷ್ಟು ಸರಿಯಾಗಿ ಯಾವ ಡ್ರೈವರ ನೆನಪಿಡುತ್ತಾನೆ? ಗೊತ್ತಿದ್ದೂ ಒಂದು ತಿಂಗಳು ನೆಮ್ಮದಿಯಿಂದ ಉಂಡೆ. ಇದಕ್ಕಿಂತ ನಾಚಿಕೆಯದು ನನ್ನಲ್ಲಿ ಇನ್ನೊಂದಿಲ್ಲ.

ಆಪರೇಶನ್ನಿಗೆ ಹೋಗು. ಊರಿಗೆಲ್ಲ ನನ್ನ ತಂಗಿ ತುಳಿದು ಕೆಡಿಸಿದಳು ಎಂದು ಹೇಳಿ ಹೋಗು. ನನ್ನ ಕಾಲಿನ ಹೆಸರು ನನಗೆ ಬೇಡ, ನಿನ್ನ ಕಾಲು ಬೇಕು.

ಒಂದನ್ನು ಕೇಳುತ್ತೇನೆ. ನಾನು ತುಳಿಯುವಾಗ ನೀನು ಏನಾದರೂ ಅಂದೆಯಾ? ನಿನ್ನ ಮುಖ ನೆಲಕ್ಕಿತ್ತು, ನನಗೆ ಕಾಣಲಿಲ್ಲ. ಕೆಲಸ ಮುಗಿದಾಗ ನಮ್ಮ ಮನೆಯವರ ಮುಖ ಬಿಳಿಚಿತ್ತು. ಎಷ್ಟು ಸಲ ಕೇಳಿದರೂ "ಏನಿಲ್ಲ" ಅನ್ನುತ್ತಾರೆ, ಆದರೆ ನನ್ನ ಕಣ್ಣು ತಪ್ಪಿಸಿ ಅನ್ನುತ್ತಾರೆ. ಖರೆ ಬರೆ.

ಗೊಲ್ಲಾಳಿ


ಸುರಪುರ
23 ಸೆಪ್ಟೆಂಬರ್ 2024

ತಂಗಿ ಗೊಲ್ಲಾಳಿಗೆ,

ಮಗ್ಗುಲಾಗಿ ಮಲಗಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ ಇದ್ದರೆ ಬೈಯಬೇಡ. ನಿನ್ನ ಕಾಗದ ಸಿಕ್ಕ ಮರುದಿನವೇ ನಿನ್ನ ವೈನಿಗೆ "ನಡಿ, ಸೊಲ್ಲಾಪುರಕ್ಕ ಹೋಗೂಣು" ಅಂದೆ. ಆಕೆ ಕೂಡಲೇ ಚೀಲ ತುಂಬಿದಳು. ಒಂಬತ್ತನೆಯ ತಾರೀಖು ಸೋಮವಾರ ಆಪರೇಶನ್ ಆಯಿತು.

ಕಾದ ತಂತಿ ಹೋಗಿದೆ. ಮರುದಿನ ಬೆಳಿಗ್ಗೆ ಎಚ್ಚರಾದಾಗ ನೋವನ್ನು ಹುಡುಕಿದೆ, ಇರಲಿಲ್ಲ. ಏಳೆಂಟು ತಿಂಗಳ ಮೇಲೆ ನಾನೊಬ್ಬನೇ ಹಾಸಿಗೆಯಲ್ಲಿದ್ದೆ. ಅತ್ತೆ. ನರ್ಸಮ್ಮ ನೋವಾಗುತ್ತಿದೆಯೇನೋ ಅಂದುಕೊಂಡು ಮತ್ತೊಂದು ಇಂಜೆಕ್ಷನ್ ಕೊಟ್ಟಳು.

ಎಡ ಪಾದ ಏಳುತ್ತಿಲ್ಲ. ಬೆರಳು ಅಲ್ಲಾಡಿಸಿರಿ ಅನ್ನುತ್ತಾರೆ, ನಾನು ಅಲ್ಲಾಡಿಸುತ್ತೇನೆ, ಅವು ಅಲ್ಲಾಡುವುದಿಲ್ಲ. ನಡೆಯುವಾಗ ಪಾದ ಜೋತು ಬೀಳಬಾರದೆಂದು ಪ್ಲಾಸ್ಟಿಕ್ಕಿನ ಒಂದು ಪಟ್ಟಿ ಕೊಟ್ಟಿದ್ದಾರೆ. ವರ್ಷದಲ್ಲಿ ಸ್ವಲ್ಪ ಬರಬಹುದು, ಬಹಳ ಆಸೆ ಇಟ್ಟುಕೊಳ್ಳಬೇಡಿ ಅಂದಿದ್ದಾರೆ. ಕ್ಲಚ್ ಒತ್ತುವ ಕಾಲು ಅದು, ಆದ್ದರಿಂದ ಸ್ಟೇರಿಂಗಿನ ಮಾತು ಮುಗಿಯಿತು. ಡಿಪೋದ ಗೇಟಿನಲ್ಲಿ ನಿಲ್ಲುತ್ತೇನೆ.

ಡಾಕ್ಟರಿಗೆ ಎಲ್ಲ ಹೇಳಿದೆ, ನಿನ್ನ ತುಳಿತದ್ದೂ ಹೇಳಿದೆ. ಅವರು ಸಿಟ್ಟಾಗಲಿಲ್ಲ. "ಸವೆದ ಮೆತ್ತೆ ಎಂದಾದ್ರೂ ಜಾರತಿತ್ತು. ಅವತ್ತಿನ ತುಳಿತಕ್ಕ ಜಾರಿರಬಹುದು, ಇಲ್ಲ ಅನ್ನಂಗಿಲ್ಲ. ಆದ್ರ ಪಾದ ಹೋಗಿದ್ದು ತಡಾ ಮಾಡಿದ್ದಕ್ಕ. ಜೂನದಾಗೇ ತಿಂಗಳೊಳಗ ಬಾ ಅಂದಿದ್ನೆಲ್ಲಪಾ, ಎಲ್ಲಿದ್ದಿ?" ಅಂದರು. ಎಲ್ಲಿದ್ದೆ ಎಂದು ಅವರಿಗೆ ಏನು ಹೇಳಲಿ. ಆ ಮೂರು ತಿಂಗಳು ಜೋಳದ ಡಬ್ಬದ ಮುಂದೆ ನಿಂತು ನಿನಗೆ ಒಳ್ಳೆಯ ಕಾಗದ ಬರೆಯುತ್ತಿದ್ದೆ. ಅವಸರವಿಲ್ಲ ಅಂದರು ಅಂತ ನಾನೇ ಸೇರಿಸಿದ್ದು.

ಆಪರೇಶನ್ ಆದರೆ ಯಾಕೆ ಆಯಿತು ಎಂದು ಊರು ಕೇಳುತ್ತದೆ. ಒಡಹುಟ್ಟಿದವನ ಬೆನ್ನೇ ಮುರಿದಳು ಎಂದು ನಿನ್ನ ಅಂಗಳ ಮತ್ತೆ ಖಾಲಿಯಾಗುತ್ತದೆ. ಅದಕ್ಕೆ ಹೆದರಿದೆ. ನೀನು ಟಂಟಂ ತುಂಬ ಜನ ಎಂದು ಬರೆದಾಗ, ನನ್ನ ಕಾಲು ಹೋದರೂ ಅದೊಂದು ಉಳಿಯಿತಲ್ಲ ಅಂದುಕೊಂಡೆ. ಅಮಾವಾಸ್ಯೆಗೆ ಬರುತ್ತೇನೆ ಎಂದು ಬರೆದದ್ದೂ ನಿನಗೆ ಸಂಶಯ ಬರಬಾರದೆಂದು. ನೀನು ಬೇಡ ಅಂದಾಗ ಒಳಗೆ ಜೀವ ತಣ್ಣಗಾಯಿತು, ಹೊರಗೆ ಸಿಟ್ಟು ಬರೆದೆ. ನಿನ್ನ ವೈನಿಗೆ ಇದನ್ನೆಲ್ಲ ಹೇಳಿದೆ. ಮರುದಿನ ಗಂಜಿ ಕೊಡುತ್ತ "ಇಷ್ಟೆಲ್ಲಾ ಮಾಡೂಕಿಂತ ಮದಲ ಆಕಿಗಿ ಒಂದ್ ಮಾತು ಕೇಳಬೇಕಿತ್ತಿಲ್ರಿ" ಅಂದಳು.

ಇನ್ನು ನೀನು ಕೇಳಿದ್ದು. ಇದನ್ನು ಮೂರು ಸಲ ಬರೆದು ಹರಿದಿದ್ದೇನೆ. ಸುಳ್ಳು ಬರೆದರೆ ಏನಾಗುತ್ತದೆ ಎಂದು ಈಗ ಪಾದ ನೋಡಿದಾಗೆಲ್ಲ ಕಾಣುತ್ತದೆ, ಆದ್ದರಿಂದ ಖರೆ ಬರೆಯುತ್ತೇನೆ.

ಕೂಗಿದ್ದೆ, ಗೊಲ್ಲಾಳಿ. ಎರಡನೆಯ ಸಲ ತುಳಿದಾಗಲೇ ಕಾಲಿನಲ್ಲಿ ಮಿಂಚು ಹೊಡೆಯಿತು. "ಸಾಕು, ಸಾಕು" ಎಂದು ಕೂಗಿದೆ. ಬಸಲಿಂಗ ಹಿತ್ತಲಿನಿಂದ ಓಡಿಬಂದ. ಅಷ್ಟರಲ್ಲಿ ನೀನು ಮೂರನೆಯದನ್ನೂ ತುಳಿದು, ಕೈ ಮುಗಿದು, ಹೊರಟಿದ್ದೆ. ಆಕೆಗೆ ಹೇಳಬೇಡ ಎಂದು ಅವನ ಕೈ ಹಿಡಿದುಕೊಂಡು ಕೇಳಿದವನು ನಾನು. ಅವನನ್ನು ಬೈಯಬೇಡ.

ಮೂರು ತಿಂಗಳು ಬಸ್ಸು ಹತ್ತಬಾರದು ಅಂದಿದ್ದಾರೆ, ನನಗೆ ಬರಲಾಗದು. ನೀನೇ ಬಾ. ನಿನ್ನ ಮುಂದೆ ಇನ್ನು ಬೋರಲು ಮಲಗುವುದಿಲ್ಲ. ಬೆಳಕಿನ ಕಡೆ ಮುಖ ಮಾಡಿ ಕೂತಿರುತ್ತೇನೆ, ನನ್ನ ಬಾಯಿ ನಿನಗೆ ಕಾಣುವ ಹಾಗೆ.

ನಿನ್ನ ಅಣ್ಣ
ನಾಗಣ್ಣ